ಚಪಾತಿ ಪಿಜ್ಜಾ ಮತ್ತು ಮಾಳವ್ವನ ತಂಬಿಗೆ

ಠಣ್! ಆಮೇಲೆ ಗುಡುಗುಡು, ಗುಡುಗುಡು, ಕೊನೆಗೊಂದು ಸಣ್ಣ ಟಿಕ್.

ಬೋರಲು ಹಾಕಿದ ತಾಟಿನ ಮೇಲಿಂದ ಹಿತ್ತಾಳೆಯ ತಂಬಿಗೆಯೊಂದು ಶಹಾಬಾದಿ ಕಲ್ಲಿನ ನೆಲಕ್ಕೆ ಬಿದ್ದು, ಪುಟಿದು, ಉರುಳುತ್ತ ಹೋಗಿ ಬಾಗಿಲಿಗೆ ತಾಗಿ ನಿಂತಾಗ ಬರುವ ಸದ್ದು ಅದು. ಲಾತೂರಿನ ಭೂಕಂಪದ ನಂತರದ ವರ್ಷಗಳಲ್ಲಿ ಗಡಿಯಾಚೆಯ ಮರಾಠಿ ಊರು ನಿಲಂಗಾದಲ್ಲಿ ಸಂಸಾರ ಮಾಡಿದ ಯಾರಿಗೂ ಈ ಸದ್ದಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಆಗ ನಮ್ಮ ಕಡೆ ಮನೆಮನೆಯ ಮೂಲೆಯಲ್ಲೂ ಒಂದು ತಾಟು ಬೋರಲು ಬಿದ್ದಿರುತ್ತಿತ್ತು; ಅದರ ಮೇಲೆ ಒಂದು ತಂಬಿಗೆ, ಅದೂ ಬೋರಲು. ಕಿರಿದಾದ ಬಾಯಿಯ ಮೇಲೆ ದೊಡ್ಡ ಹೊಟ್ಟೆ ಹೊತ್ತು, ಈಗ ಬಿದ್ದೆ ಆಗ ಬಿದ್ದೆ ಎನ್ನುತ್ತ ನಿಂತಿರುತ್ತಿತ್ತು. ಭೂಮಿ ಚೂರು ಮಿಸುಕಿದರೆ ಅದು ಬೀಳಬೇಕು, ಅದು ಬಿದ್ದರೆ ನಾವು ಅಂಗಳಕ್ಕೆ ಓಡಬೇಕು. ನಾನು ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಅದನ್ನು ಸೀಸ್ಮೋಗ್ರಾಫ್ ಎನ್ನುತ್ತಿದ್ದೆ. ನಮ್ಮ ಅತ್ತೆ ಮಾಳವ್ವ ತಂಬಿಗಿ ಎನ್ನುತ್ತಿದ್ದರು. ಹೆಸರು ಯಾವುದಾದರೂ ಬೀಳುವುದರಲ್ಲಿ ಅದು ಭೇದ ಮಾಡುತ್ತಿರಲಿಲ್ಲ.

ಬೀಳುವುದೇನು, ಸದಾ ಬೀಳುತ್ತಿತ್ತು. ಇಲಿ ಓಡಿದರೆ ಬೀಳುತ್ತಿತ್ತು, ಧಾನ್ಯದ ಲಾರಿ ಅಡತಿ ಅಂಗಡಿಯ ಕಡೆಗೆ ಹೋದರೆ ಬೀಳುತ್ತಿತ್ತು, ಒಮ್ಮೆ ನಮ್ಮವರು ಸೀನಿದ್ದಕ್ಕೆ ಬಿತ್ತು. ಅರ್ಧ ಗಡ್ಡ ಹೆರೆದ ಮುಖದಲ್ಲಿ ಅವರು, ಲಟ್ಟಣಿಗೆ ಹಿಡಿದು ನಾನು, ಒಂದೇ ಚಪ್ಪಲಿ ಮೆಟ್ಟಿದ ಮಕ್ಕಳು, ಎಲ್ಲ ಅಂಗಳದಲ್ಲಿ ಸಾಲಾಗಿ ನಿಂತರೆ ಪಕ್ಕದ ಮನೆಯ ಶಿಂದೇಬಾಯಿ ಗೋಡೆಯ ಮೇಲಿಂದ ಕತ್ತು ಚಾಚಿ, "ಕಾಯ ಹೋ ವಹಿನೀ, ಪುನ್ಹಾ ಮಾಂಜರ್?" ಎಂದು ಕೇಳುತ್ತಿದ್ದಳು. ಹೌದು, ಮತ್ತೆ ಬೆಕ್ಕೇ. ಆ ಕಳ್ಳಬೆಕ್ಕು ನಮ್ಮೆಲ್ಲರ ಕಾಲ ಸಂದಿಯಿಂದ ತಾನೂ ಓಡಿಬಂದು ಭೂಕಂಪದ ಸಂತ್ರಸ್ತರ ಹಾಗೆ ನಮ್ಮ ಜೊತೆಗೇ ಕುಳಿತಿರುತ್ತಿತ್ತು.

ಮೊನ್ನೆ ಅದೇ ಸದ್ದು ಮತ್ತೆ ಕೇಳಿತು. ಮೊಮ್ಮಗಳು ಆರ್ಯಾ ಲಾತೂರಿನ ಮಾಲ್‌ನಿಂದ ಏನೋ ಪ್ಯಾಕೆಟ್ ತಂದು ಅಡುಗೆಮನೆಯ ಮೇಲಿನ ಹಲಗೆಯ ಫಳಿಗೆ ತುರುಕುವಾಗ, ಅಲ್ಲಿದ್ದ ಹಳೆಯ ತಂಬಿಗೆ ಕೆಳಗೆ ಬಿತ್ತು. ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ, ನಾನು ಅಂಗಳದವರೆಗೆ ಹೋಗಿ ನಿಂತಿದ್ದೆ. ಬಾಗಿಲು ಯಾವಾಗ ದಾಟಿದೆನೋ ನನಗೇ ಗೊತ್ತಿಲ್ಲ.

"ಅಜ್ಜಿ, ಎಲ್ಲಿ ಓಡಿ ಹೋಗ್ಲತ್ತಿ? ಬರೇ ತಂಬಿಗಿ ಬಿದ್ದದ!" ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು.

ಬರೀ ತಂಬಿಗೆಯಂತೆ! ಮಾನ ಉಳಿಸಿಕೊಳ್ಳಲು ನಾನು ಪ್ಯಾಕೆಟ್ಟಿನ ಕಡೆ ತಿರುಗಿದೆ. ಏನದು ಎಂದು ಕೇಳಿದರೆ ಟಾರ್ಟಿಯಾ ಎಂದಳು. "ಇದರ ಮ್ಯಾಲ ಸಾಸ್ ಹಚ್ಚಿ, ಚೀಸ್ ಹಾಕಿ, ತವಾದ ಮ್ಯಾಲ ಇಟ್ಟರ ಆಯ್ತು ಅಜ್ಜಿ, ಇನ್‌ಸ್ಟಂಟ್ ಪಿಜ್ಜಾ. ನಿನಗ ಗೊತ್ತಿರಂಗಿಲ್ಲ, ಹೊಸಾ ಐಡಿಯಾ." ನಾನು ಕನ್ನಡಕ ಹಾಕಿಕೊಂಡು ನೋಡಿದೆ. ದುಂಡಗೆ, ತೆಳ್ಳಗೆ, ಅಲ್ಲಲ್ಲಿ ಕಂದು ಚುಕ್ಕೆ. "ಬಂಗಾರಾ, ಇದು ಚಪಾತಿ. ಪಾಸ್‌ಪೋರ್ಟ್ ಮಾಡಿಸಿಕೊಂಡ ಚಪಾತಿ," ಎಂದೆ. ಅವಳು ನಂಬಲಿಲ್ಲ. ಹೊಸ ಐಡಿಯಾ! ಎಕ್ಸ್‌ಕ್ಯೂಸ್ ಮಿ, ನಿನ್ನ ಅಪ್ಪ ಚಡ್ಡಿ ಹಾಕುವ ಕಾಲಕ್ಕೇ ಇದೇ ಮನೆಯಲ್ಲಿ ಈ ಐಡಿಯಾ ಹಳೆಯದಾಗಿತ್ತು, ಕಣೇ. ಮತ್ತು ಆ ಐಡಿಯಾದ ಹಿಂದೆ ನೀನು ಈಗ ಬೀಳಿಸಿದ ತಂಬಿಗೆಯೇ ಇತ್ತು.

ಹೇಳಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಗುಲಬರ್ಗಾದ ಹುಡುಗಿ. ಕಾನ್ವೆಂಟಿನಲ್ಲಿ ನಮಗೆ ಡೊಮೆಸ್ಟಿಕ್ ಸೈನ್ಸ್ ಎಂಬ ಒಂದು ವಿಷಯವಿತ್ತು. ಸಿಸ್ಟರು ವೈಟ್ ಸಾಸ್ ಮಾಡುವುದು, ಕ್ಯಾರಮೆಲ್ ಪುಡಿಂಗ್ ಮಾಡುವುದು, ನ್ಯಾಪ್ಕಿನ್ನನ್ನು ಹಂಸದ ಆಕಾರಕ್ಕೆ ಮಡಚುವುದು ಇವನ್ನೆಲ್ಲ ಬಹಳ ಶಿಸ್ತಿನಿಂದ ಕಲಿಸಿದ್ದರು. ಹಂಸ ಮಡಚುವುದರಲ್ಲಿ ನಾನೇ ಫಸ್ಟ್. ಈ ವಿದ್ಯೆಯನ್ನೆಲ್ಲ ಟ್ರಂಕಿನಲ್ಲಿ ತುಂಬಿಕೊಂಡು ನಿಲಂಗಾಕ್ಕೆ ಸೊಸೆಯಾಗಿ ಬಂದೆ. ನಮ್ಮವರು ಇಲ್ಲಿಯ ಕೋರ್ಟಿನಲ್ಲಿ ಕಾರಕೂನರು. ಅವರ ಮನೆತನ ಮಾತ್ರ ವಲಾಂಡಿ ಕಡೆಯ ಕುರಿಗಾರರದು, ಬೀರಪ್ಪ ದೇವರ ಒಕ್ಕಲು. ಬಂದ ದಿನ ಅತ್ತೆಯ ಮುಂದೆ ಅಭ್ಯಾಸಬಲದಿಂದ "ಎಕ್ಸ್‌ಕ್ಯೂಸ್ ಮಿ" ಎಂದು ಹೇಳಿ ದಾಟಿ ಹೋದೆ. ಅಂದಿನಿಂದ ನಾನು ಅವರಿಗೆ ಮ್ಯಾಡಮ್ಮ. ಸಿಟ್ಟು ಬಂದಾಗ ಮ್ಯಾಡಮ್ಮ, ಪ್ರೀತಿ ಬಂದಾಗಲೂ ಮ್ಯಾಡಮ್ಮ. ಯಾವುದು ಯಾವುದೆಂದು ದನಿಯ ಮೇಲೆ ತಿಳಿಯಬೇಕು. ಈ ಮನೆಯಲ್ಲಿ ನ್ಯಾಪ್ಕಿನ್ ಎಂದರೆ ಅತ್ತೆಯ ಸೆರಗು. ಅದನ್ನು ಹಂಸ ಮಾಡುವ ಧೈರ್ಯ ನನಗಾಗಲಿಲ್ಲ.

ಮಾಳವ್ವ ಗಟ್ಟಿ ಹೆಂಗಸು. ಎತ್ತರ, ಕಪ್ಪು, ಹೆಗಲ ಮೇಲೆ ಬೇಸಿಗೆಯಲ್ಲೂ ಕಂಬಳಿ. ಮಾವನವರು ತೀರಿದ ಮೇಲೂ ಕುರಿ ಬಿಡಲಿಲ್ಲ. ಶಿರೂರ ಅನಂತಪಾಳದ ಕಡೆ ಬೀಳುಹೊಲಗಳಲ್ಲಿ ಹಿಂಡು ತರುಬಿಸಿ ಅಲ್ಲೇ ಬಯಲಲ್ಲಿ ಮಲಗಿ, ನಡುನಡುವೆ ನಮ್ಮಲ್ಲಿ ಬಂದು ಮೊಮ್ಮಕ್ಕಳಿಗೆ ಉಣ್ಣೆಯ ವಾಸನೆ ಹಚ್ಚಿ ಹೋಗುತ್ತಿದ್ದರು. ಭೂಮಿ ನಡುಗಿದ ಆ ನಸುಕಿನಲ್ಲೂ ಅವರು ಬಯಲಿನಲ್ಲೇ ಇದ್ದರು. ನಮ್ಮದು ನಿಲಂಗಾದ ಹಳೆಯ ಮಾಳಿಗೆ ಮನೆ, ಕಲ್ಲಿನ ಗೋಡೆಯ ಮೇಲೆ ಮಣ್ಣಿನ ಛಾವಣಿ. ಒಂದು ಗೋಡೆ ವಾಲಿತು, ನಾವು ಉಳಿದೆವು. ಉಮರ್ಗಾದ ಕಡೆ ಹಳ್ಳಿಯೊಂದರಲ್ಲಿದ್ದ ಅತ್ತೆಯ ತಂಗಿ ಶಿವವ್ವನ ಮನೆಯವರು ಯಾರೂ ಉಳಿಯಲಿಲ್ಲ. ಅದರ ಬಗ್ಗೆ ಇಲ್ಲಿ ಇಷ್ಟೇ ಬರೆಯುತ್ತೇನೆ. ಅತ್ತೆಯೂ ಇಷ್ಟೇ ಹೇಳುತ್ತಿದ್ದರು.

ಅದಾದ ಮೇಲೆ ಕುರಿಗಳನ್ನು ಭಾವಮೈದುನನಿಗೆ ಒಪ್ಪಿಸಿ, ಎರಡು ಕುರಿ ಮಾತ್ರ ಇಟ್ಟುಕೊಂಡು ನಮ್ಮಲ್ಲೇ ಇರಲು ಬಂದರು. ಆದರೆ ಮನೆಯಲ್ಲಿ ಅಲ್ಲ, ಅಂಗಳದಲ್ಲಿ. ಮೊದಲು ಎಲ್ಲರೂ ಅಂಗಳದ ತಗಡಿನ ಶೆಡ್ಡಿನಲ್ಲೇ ಇದ್ದೆವು. ಊರಿಗೆ ಊರೇ ಹಾಗಿತ್ತು. ಆಮೇಲೆ ಮಾಳಿಗೆ ಕೆಡವಿ, ಪಿಲ್ಲರ್ ಎಬ್ಬಿಸಿ, ಸ್ಲ್ಯಾಬ್ ಹಾಕಿದ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿದೆವು. ಎಲ್ಲ ಒಳಗೆ ಹೋದೆವು. ಅತ್ತೆ ಹೋಗಲಿಲ್ಲ.

"ನಾ ಒಳಗ ಬರಂಗಿಲ್ಲ. ಕುರಿ ಹೊರಗ ಮಲಗ್ತಾವ, ಒಂದರೆ ಸತ್ತಿತೇನು? ಅವೇನು ಕಾನ್ವೆಂಟಿಗಿ ಹೋಗ್ಯಾವೇನು ಮ್ಯಾಡಮ್ಮ? ಆದ್ರ ಅಷ್ಟು ತಿಳೀತದ ಅವಕ್ಕ."

 ನಾನು ಪಿಲ್ಲರ್ ತೋರಿಸಿದೆ, ಕಬ್ಬಿಣದ ಸರಳಿನ ದಪ್ಪ ಹೇಳಿದೆ, ಕಟ್ಟಿದ ಎಂಜಿನಿಯರನ್ನೇ ಕರೆದು ಕೂರಿಸಿದೆ. ಅತ್ತೆ ಅವನಿಗೆ ಚಹಾ ಕೊಟ್ಟು, "ನೀ ಎಲ್ಲಿ ಮಲಗ್ತೀಯೋ ತಮ್ಮಾ?" ಎಂದು ಕೇಳಿದರು. ಅವನು ಸತ್ಯವಂತ. "ಸದ್ಯಕ್ಕ ಅಂಗಳದಾಗೇ ಆಯಿ," ಎಂದ. ಅಲ್ಲಿಗೆ ನನ್ನ ಕೇಸು ಬಿದ್ದುಹೋಯಿತು.

ಶೆಡ್ಡಿನಲ್ಲೇ ಒಲೆ, ಶೆಡ್ಡಿನಲ್ಲೇ ಹಾಸಿಗೆ, ಶೆಡ್ಡಿನಲ್ಲೇ ಆ ತಾಟು ತಂಬಿಗೆ. ಬೇಸಿಗೆಯಲ್ಲಿ ತಗಡು ಕಾದು ಕೆಂಡ, ಚಳಿಯಲ್ಲಿ ಐಸು. ನಮ್ಮವರು ಮೊದಲು ತಾಯಿಯ ಹತ್ತಿರ ಕುಳಿತು ಜೋಳದ ರೊಟ್ಟಿ ಪುಂಡಿಪಲ್ಯ ಉಂಡು, ಬಾಯಿ ಒರೆಸಿಕೊಂಡು ಒಳಗೆ ಬಂದು, ನನಗೆ ಬೇಜಾರಾಗಬಾರದೆಂದು ಚಪಾತಿ ಬಾಜಿ ಉಣ್ಣುತ್ತಿದ್ದರು. ನ್ಯಾಯಾಲಯದಲ್ಲಿ ಕೆಲಸ ಮಾಡುವವರು, ಎರಡೂ ಪಕ್ಷಕ್ಕೆ ಅನ್ಯಾಯವಾಗಬಾರದಲ್ಲ! ಪ್ಯಾಂಟುಗಳೆಲ್ಲ ಬಿಗಿಯಾದವು. ನನಗೆ ಬೇರೆ ದೊಡ್ಡ ಆಸೆಗಳಿರಲಿಲ್ಲ. ಅತ್ತೆ ಒಂದು ದಿನ ಒಳಗೆ ಬಂದು ನಮ್ಮ ಸಾಲಿನಲ್ಲಿ ಕುಳಿತು ಉಣ್ಣಬೇಕು, ಅಷ್ಟೇ. ಮನೆ ಕಟ್ಟಿ ಮುಗಿದಿತ್ತು, ಆದರೆ ಅದು ನನಗೆ ಗೃಹಪ್ರವೇಶವಾಗದ ಮನೆಯ ಹಾಗೆ ಕಾಣುತ್ತಿತ್ತು.

ಇಷ್ಟರಲ್ಲಿ ಪಿಜ್ಜಾ ಬಂತು. ನನ್ನ ಮಗಳು ಜ್ಯೋತಿ ಪುಣೆಯಲ್ಲಿ ಯಾರದೋ ಮದುವೆಗೆ ಹೋಗಿ ಅದನ್ನು ತಿಂದು ಬಂದಳು. ಬಂದವಳು ಮದುಮಗಳ ಸೀರೆಯ ಬಣ್ಣ ಹೇಳಲಿಲ್ಲ, ಊಟದ ಮಾತೆತ್ತಲಿಲ್ಲ. ಚೀಸು ಎಷ್ಟು ಉದ್ದ ಜಗ್ಗುತ್ತದೆ ಎಂದು ಎರಡೂ ಕೈ ಚಾಚಿ ತೋರಿಸುತ್ತ ಮನೆಯೆಲ್ಲ ತಿರುಗಿದಳು. ತಮ್ಮ ಬೀರೇಶನಿಗೆ, ಅಂದರೆ ಈ ಆರ್ಯಾಳ ಅಪ್ಪನಿಗೆ, ಹೊಟ್ಟೆಕಿಚ್ಚಿನಿಂದ ಜ್ವರವೇ ಬಂತು. ನಾನು ಸೆರಗು ಬಿಗಿದು ನಿಂತೆ. ಡೊಮೆಸ್ಟಿಕ್ ಸೈನ್ಸಿನಲ್ಲಿ ಡಿಸ್ಟಿಂಕ್ಷನ್ ಪಡೆದವಳು ನಾನು! ಇಂಗ್ಲಿಷ್ ವುಮೆನ್ಸ್ ಮ್ಯಾಗಝೀನಿನಲ್ಲಿ ರೆಸಿಪಿ ಹುಡುಕಿದೆ. ಮೊದಲ ಸಾಲಿನಲ್ಲೇ ಬರೆದಿತ್ತು: ಪ್ರೀ-ಹೀಟ್ ದಿ ಓವನ್. ನಿಲಂಗಾದಲ್ಲಿ ಆಗ ಓವನ್ ಇದ್ದದ್ದು ಪಾವ್ ಮಾಡುವ ಬೇಕರಿಯವನ ಹತ್ತಿರ ಒಂದು, ತಗಡಿನ ಶೆಡ್ಡಿನ ರೂಪದಲ್ಲಿ ನಮ್ಮ ಅಂಗಳದಲ್ಲಿ ಒಂದು. ಈಸ್ಟಿನ ಕತೆ ಕೇಳಲೇಬೇಡಿ. ಹೀಗಾಗಿ ಮಧ್ಯಾಹ್ನದ ಚಪಾತಿಯನ್ನೇ ಬೇಸ್ ಮಾಡಿದೆ. ಒಂದು ಬದಿ ಬೇಯಿಸಿ ತಿರುವಿ, ಬೆಂದ ಬದಿಗೆ ಟೊಮ್ಯಾಟೊ ಬೆಳ್ಳುಳ್ಳಿ ಕುದಿಸಿದ ಗೊಜ್ಜು ಸವರಿ, ಉಳ್ಳಾಗಡ್ಡಿ, ಢೋಬಳಿ, ಅಂದರೆ ದಪ್ಪ ಮೆಣಸಿನಕಾಯಿ ಹರಡಿ, ಸಣ್ಣ ಉರಿಯಲ್ಲಿ ಮುಚ್ಚಳ ಹಾಕುವುದು. ಓರೆಗಾನೋ ಎಂಬ ಸೊಪ್ಪಿನ ಬದಲು ಚಿಟಿಕೆ ಅಜವಾನ. ಎಲ್ಲ ಸರಿ, ಚೀಸು?

ಇಲ್ಲಿ ನಾನು ಒಂದು ಘನಕಾರ್ಯ ಮಾಡಿದೆ. ಆ ವಾರ ಅತ್ತೆಯ ಕುರಿಯೊಂದು ಈದಿತ್ತು. ಅದರ ಮೊದಲ ಹಾಲಿನ ಗಿಣ್ಣ ಶೆಡ್ಡಿನಿಂದ ನಮ್ಮ ಪಾಲಿಗೂ ಒಂದು ಬಟ್ಟಲು ಬಂದಿತ್ತು. ನಾನು ಯೋಚಿಸಿದೆ: ಗಟ್ಟಿ ಇದೆ, ಹಾಲಿನಿಂದಾದದ್ದು, ಚಾಕುವಿನಲ್ಲಿ ಕೊಯ್ಯಲು ಬರುತ್ತದೆ. ಮತ್ತೇನು ಬೇಕು ಚೀಸಿಗೆ? ವೆರಿ ಲಾಜಿಕಲ್. ಬೆಲ್ಲ ಹಾಕಿದ್ದು ಮಾತ್ರ ಲಾಜಿಕ್ಕಿನಲ್ಲಿ ಬಿಟ್ಟುಹೋಗಿತ್ತು. ಮುಚ್ಚಳ ತೆಗೆದರೆ ಗಿಣ್ಣ ಕರಗಲೂ ಇಲ್ಲ, ಜಗ್ಗಲೂ ಇಲ್ಲ. ನೀರೊಡೆದು, ಟೊಮ್ಯಾಟೊ ಗೊಜ್ಜಿನಲ್ಲಿ ದ್ವೀಪಗಳ ಹಾಗೆ ನಿಂತಿತ್ತು. ಚಪಾತಿ ಅಡಿಯಲ್ಲಿ ಮುಳುಗಿಹೋಗಿತ್ತು. ಜ್ಯೋತಿ ಅಳತೊಡಗಿದಳು. ಬೀರೇಶ ಅದನ್ನು ತಾಟಿನ ಸಮೇತ ಶೆಡ್ಡಿಗೆ ಒಯ್ದು ಅಜ್ಜಿಯ ಮುಂದೆ ಎಕ್ಸಿಬಿಟ್ ಎಂದು ಹಾಜರುಪಡಿಸಿದ. ಅತ್ತೆ ಬಹಳ ಹೊತ್ತು ನೋಡಿದರು.

"ಯವ್ವಾ ಮ್ಯಾಡಮ್ಮ, ಬೀರಪ್ಪಗ ಏರಿಸಿದ ಗಿಣ್ಣದ ಮ್ಯಾಲ ಉಳ್ಳಾಗಡ್ಡಿ ಹಾಕೀದಿ. ಉಳ್ಳಾಗಡ್ಡಿಗಿ ಅವನ ಕಣ್ಣಾಗೂ ನೀರು ಬಂದಿರಬೇಕು!"

ಅಷ್ಟು ಹೇಳಿ ನಕ್ಕರು ನೋಡಿ, ಕಂಬಳಿ ಜಾರಿ ಬಿತ್ತು. ಭೂಕಂಪದ ನಂತರ ಆ ಥರ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಮಾನವಾದದ್ದು ನನಗೇ ಆದರೂ ಅಡುಗೆಮನೆಗೆ ತಿರುಗಿ ಬರುವಾಗ ನನ್ನ ಕಾಲುಗಳು ಹಗುರಾಗಿದ್ದವು.

ಅಸಲಿ ಚೀಸು ಉಮರ್ಗಾದಿಂದ ಬಂತು. ಅದು ಹೈವೇ ಊರು. ಹೈದರಾಬಾದಿಗೆ ಹೋಗುವ ಗಾಡಿಗಳು ನಿಲ್ಲುವ ಕಡೆ ಅಂಗಡಿಯೊಂದರಲ್ಲಿ ಡಬ್ಬಿ ಚೀಸು ಸಿಗುತ್ತದೆಂದು ಯಾರೋ ಹೇಳಿದ್ದರು. ನಮ್ಮವರು ಯಾವುದೋ ಕೆಲಸಕ್ಕೆ ಹೋದವರು ಅದನ್ನು ಹಸಿ ಟವೆಲ್ಲಿನಲ್ಲಿ ಸುತ್ತಿ, ಎಸ್ಟಿ ಬಸ್ಸಿನಲ್ಲಿ ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದರು. ಕಂಡಕ್ಟರು "ಸಾಹೇಬ, ಬಾಳ ಆಹೇ ಕಾಯ?" ಎಂದು ಕೇಳಿದನಂತೆ, ಕೂಸೇನು ಎಂದು.

ಆ ಸಂಜೆ ತುರಿದ ಚೀಸು ಮುಚ್ಚಳದಡಿಯಲ್ಲಿ ಕರಗಿ, ಅಂಚಿನಲ್ಲಿ ಕೆಂಪಗೆ ಕುದಿದು, ಚಪಾತಿಯ ಅಡಿ ಗರಿಗರಿಯಾಗಿ... ಸಿಸ್ಟರು ನೋಡಿದ್ದರೆ ಹೆಮ್ಮೆ ಪಡುತ್ತಿದ್ದರು. ಜ್ಯೋತಿ ಒಂದು ತುಂಡು ಎತ್ತಿ ಜಗ್ಗಿದಳು. ಜಗ್ಗಿತು! ಮಕ್ಕಳು ಕೂಗಿದ ಕೂಗಿಗೆ ಶೆಡ್ಡಿನಲ್ಲಿ ಠಣ್ ಎಂದಿತು, ಎಲ್ಲ ಒಮ್ಮೆ ಅಂಗಳಕ್ಕೆ ಓಡಿ ಬಂದೆವು. ಬಂದದ್ದಕ್ಕೆ ಇರಲೆಂದು ಒಂದು ಪಿಜ್ಜಾ ಅತ್ತೆಗೂ ಒಯ್ದು ಕೊಟ್ಟೆ. ಅಷ್ಟು ಹೊತ್ತಿಗೆ ಚೀಸು ಬಿಗಿದುಕೊಂಡಿತ್ತು. ಅತ್ತೆ ಒಂದು ತುತ್ತು ಕಚ್ಚಿ ಜಗ್ಗಿದರು, ಮತ್ತೆ ಜಗ್ಗಿದರು.

"ಇದೇನದು ಮ್ಯಾಡಮ್ಮ, ಚಪ್ಪಲಿ ಅಟ್ಟಿ ಇದ್ದಂಗದ. ಇದಕ್ಕ ಇಷ್ಟು ಕುಣೀಲತ್ತಿದ್ರೇನು?"

"ಆರಿ ಹೋಗ್ಯಾದ ಆಯಿ," ಎಂದಳು ಜ್ಯೋತಿ; ಮಕ್ಕಳು ಅಜ್ಜಿಯನ್ನು ಆಯಿ ಎನ್ನುತ್ತಿದ್ದರು. "ತವಾದಿಂದ ತೆಗೆದ ಕೂಡ್ಲೇ ತಿನ್ನಬೇಕು. ಇಲ್ಲಿಗಿ ಬರೂತನಾ ಹಾಳಾಗ್ತದ."

"ಹಂಗಾದ್ರ ನಿಮಗ ಛಲೋದು, ನನಗ ಅಟ್ಟಿ?"

ಆ ಮಾತು ಅತ್ತೆಯ ತಲೆಯಲ್ಲಿ ಕುಳಿತಿತು. ಪಿಜ್ಜಾ ಎಂಥ ಅಧೈರ್ಯದ ತಿಂಡಿ ಎಂದರೆ ಅಂಗಳ ದಾಟುವಷ್ಟು ತಾಳ್ಮೆಯೂ ಅದಕ್ಕಿಲ್ಲ. ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ. ಕಟ್ಟಿಕೊಂಡು ಕುರಿ ಹಿಂದೆ ಹೋಗಬಹುದು. ಇದು ಹಾಗಲ್ಲ, ತಿನ್ನುವವರೇ ತವೆಯ ಹತ್ತಿರ ಬರಬೇಕು. ಮುಂದಿನ ಸಲ ಚೀಸು ಬಂದಾಗ ಅತ್ತೆ ತಾವಾಗಿಯೇ ಅಡುಗೆಮನೆಯ ಕಿಟಕಿಯ ಹೊರಗೆ ಬಂದು ನಿಂತರು. ಸರಳಿನ ಸಂದಿಯಿಂದ ಅಂಗೈ ಮಾತ್ರ ಒಳಗೆ. "ಹಾಕು, ಸುಡ್ಲಿ, ಏನಾಗಂಗಿಲ್ಲ." ಸುಡುಸುಡುವ ತುಂಡನ್ನು ಊದಿ ಬಾಯಿಗಿಟ್ಟುಕೊಂಡರು. ಚೀಸು ಕಿಟಕಿಯ ಸರಳಿಗೂ ಅವರ ಗಲ್ಲಕ್ಕೂ ನಡುವೆ ಎಳೆ ಎಳೆಯಾಗಿ ತೂಗಾಡಿತು. ಆ ಎಳೆಗಳನ್ನು ಬೆರಳಿಗೆ ಸುತ್ತಿ ಅದನ್ನೂ ತಿಂದರು. ಆಮೇಲೆ, "ಖಾರ ಕಮ್ಮಿ ಅದ," ಎಂದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಮುಂದೆ ಅವರೇ ಬೆಳ್ಳುಳ್ಳಿಯ ಕೆಂಪು ಖಾರ ಕುಟ್ಟಿ ಕಳಿಸತೊಡಗಿದರು. ಟೊಮ್ಯಾಟೊ ಗೊಜ್ಜು ನಮ್ಮ ಪಿಜ್ಜಾದಿಂದ ಖಾಯಂ ನಿವೃತ್ತಿಯಾಯಿತು.

ನನಗೆ ಆಸೆ ಚಿಗುರಿತು. ಕಿಟಕಿಯವರೆಗೆ ಬಂದವರು ಬಾಗಿಲವರೆಗೆ ಬರಬಾರದೇಕೆ? ಮಳೆಗಾಲದಲ್ಲಿ ಕಿಟಕಿಯ ಹೊರಗೆ ಕೆಸರಾಯಿತು, ಬಾಗಿಲಿಗೆ ಬಂದರು. ಭೂಕಂಪವಾದರೆ ಚೌಕಟ್ಟಿನ ಕೆಳಗೆ ನಿಲ್ಲಿರಿ ಎಂದು ಯಾವನೋ ಸಾಹೇಬ ಊರಿಗೆ ಬಂದಾಗ ಹೇಳಿದ್ದನಂತೆ. ಅದನ್ನೇ ಹಿಡಿದು ಅತ್ತೆ ಹೊಸ್ತಿಲ ಮೇಲೆ ಕುಳಿತರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಪಕ್ಕದಲ್ಲಿ ತಾಟು ತಂಬಿಗೆ. ಹೊಸ್ತಿಲ ಮೇಲೆ ಕೂಡಬಾರದು ಎಂದು ನನಗೆ ಕಲಿಸಿದವರೇ ಅವರು!  ಒಳಗೆ ಬಂದ ಆ ಒಂದು ಕಾಲನ್ನೇ ನೋಡುತ್ತ ಚಪಾತಿ ಲಟ್ಟಿಸಿದೆ.

ಆದರೆ ಎರಡನೆಯ ಕಾಲು ಬರಲಿಲ್ಲ. ಇಡೀ ಮಳೆಗಾಲ ಬರಲಿಲ್ಲ. ಒಂದು ಭಾನುವಾರ ನಮ್ಮವರಿಗೆ ತಾಳಲಾಗಲಿಲ್ಲ.

"ಯವ್ವಾ, ಇನ್ನೊಂದ ಹೆಜ್ಜಿ. ನಾವೆಲ್ಲಾ ಒಳಗ ಇಲ್ಲೇನು? ನಮಗಿಲ್ಲದ ಅಂಜಿಕಿ ನಿನಗ್ಯಾಕ?"

ಅತ್ತೆ ಕೈಯಲ್ಲಿದ್ದ ತುಂಡನ್ನು ತಾಟಿಗಿಟ್ಟರು. "ಅಂಜಿಕಿ? ನನಗ ಯಾತರ ಅಂಜಿಕಿ? ತೋಳ ಹೊಡದಾಕಿ ನಾ. ನೀವೆಲ್ಲಾ ಒಳಗ ಇದ್ದೀರಂತನೇ ನಾ ಹೊರಗ ಇದ್ದೀನಿ. ಶಿವವ್ವನ ಮನ್ಯಾಗ ಎಲ್ಲಾರೂ ಒಳಗಿದ್ರು. ಹೊರಗ ಒಬ್ಬರೂ ಇರಲಿಲ್ಲ, ಕಲ್ಲು ತೆಗೀಲಕ್ಕ. ನಾ ಹೋಗಿ ಮುಟ್ಟೂತನಾ..." ಅಷ್ಟಕ್ಕೇ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡರು. "ಒಬ್ಬಾಕಿ ಹೊರಗ ಇರಬೇಕು. ಅಷ್ಟೇ."

ತವೆಯ ಮೇಲಿನ ಪಿಜ್ಜಾ ಸೀದ ವಾಸನೆ ಬಂತು. ಇಷ್ಟು ವರ್ಷ ಬಿಸಿಲು ಚಳಿಯಲ್ಲಿ ಆ ಶೆಡ್ಡಿನಲ್ಲಿ ಕುಳಿತದ್ದು, ಆ ತಂಬಿಗೆ, ಅದು ಬಿದ್ದಾಗಲೆಲ್ಲ "ಹೊರಗ ಬರ್ರೋ" ಎಂದು ಊರು ಕೇಳುವ ಹಾಗೆ ಕಿರುಚಿದ್ದು, ಯಾವುದೂ ಅವರಿಗಾಗಿ ಅಲ್ಲ. ತಗಡು ಬಿದ್ದರೆ ಯಾರೂ ಸಾಯುವುದಿಲ್ಲ, ಅಲ್ಲಿ ತಂಬಿಗೆಯ ಕೆಲಸವೇ ಇರಲಿಲ್ಲ. ಪಿಲ್ಲರಿನ ದಪ್ಪ ಹೇಳಿದ್ದೆನಲ್ಲ ನಾನು!  ಮಾತಾಡಿದವಳು ಜ್ಯೋತಿ. ಅವಳ ಗಮನವೆಲ್ಲ ಸೀಯುತ್ತಿದ್ದ ಪಿಜ್ಜಾದ ಮೇಲಿತ್ತು. ಅದು ಬೇಗ ಇಳಿಯಬೇಕು, ಜಗಳ ಬೇಗ ಮುಗಿಯಬೇಕು.

"ಅಷ್ಟೇ ಹೌದಿಲ್ಲೋ ಆಯಿ? ಹಂಗಾದ್ರ ಪಾಳಿ ಹಚ್ಚೂಣು. ತವಾದ ಮ್ಯಾಲ ಹೆಂಗೂ ಒಮ್ಮಿಗಿ ಒಂದೇ ಆಗ್ತದ. ಒಬ್ಬರು ತಿಂತೀವಿ, ಒಬ್ಬರು ಹೊರಗ ಕಟ್ಟಿ ಮ್ಯಾಲ ಕೂಡ್ತೀವಿ. ಈಗ ನಾ ಹೋಗ್ತೀನಿ. ನೀ ಒಳಗ ಬಾ, ಇದು ನಿಂದು."

"ನೀ? ನೀ ಕಲ್ಲು ಎತ್ತಾಕಿ ಏನು?"

"ನಾ ಒದರ್ತೀನಿ. ಶಿಂದೇಬಾಯಿ ಎತ್ತತಾಳ."

ಗೋಡೆಯಾಚೆಯಿಂದ ಶಿಂದೇಬಾಯಿ, ಅವಳಿಗೆ ನಮ್ಮ ಮನೆಯ ಎಲ್ಲ ಮಾತೂ ಕೇಳುತ್ತಿತ್ತು, "ಹೋ ಹೋ, ಉಚಲತೇ ನಾ!" ಎಂದು ಕೂಗಿದಳು, ಎತ್ತುತ್ತೇನೆ ಬಿಡಿ ಎಂದು. "ಪಣ ಪೈಲಾ ಮಲಾ ಏಕ ಪಿಜ್ಜಾ ಪಾಠವಾ." ಮೊದಲು ಒಂದು ಪಿಜ್ಜಾ ಕಳಿಸಬೇಕಂತೆ.

ಅತ್ತೆ ಮೊಮ್ಮಗಳನ್ನು ನೋಡಿದರು. ಜ್ಯೋತಿ ಆಗಲೇ ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ, ಪೊಲೀಸ್ ಚೌಕಿಯ ಹವಾಲ್ದಾರನ ಹಾಗೆ ಕುಳಿತಿದ್ದಳು. ಅತ್ತೆ ಎದ್ದರು. ತಂಬಿಗೆ ತಾಟು ಎತ್ತಿಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿ ಮೊದಲು ಅದನ್ನು ನಿಲ್ಲಿಸಿದರು, ಅಲುಗಾಡುವುದೇ ಎಂದು ಒಂದು ಬೆರಳಿನಿಂದ ಮುಟ್ಟಿ ನೋಡಿದರು, ಆಮೇಲೆ ಸ್ಲ್ಯಾಬಿನ ಕಡೆಗೆ ಒಮ್ಮೆ ಮೇಲೆ ನೋಡಿ, ಮಗನ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತರು. ನಮ್ಮವರ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತ್ತು.

"ಏನ್ ನೋಡ್ಲತ್ತಿ? ನಾ ಏನು ಹೊಸಾ ಮದಲಗಿತ್ತಿ ಬಂದೀನೇನು? ತಿನ್ನು, ಅಟ್ಟಿ ಆಗ್ತದ."

ನಾನು ಗ್ಯಾಸಿನ ಕಡೆ ಮುಖ ಮಾಡಿ ನಿಂತೆ. ಉಳ್ಳಾಗಡ್ಡಿ ಹೆಚ್ಚುವವಳಿಗೆ ಒಂದು ಅನುಕೂಲವಿದೆ, ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.

ಅಂದಿನಿಂದ ಅದು ನಮ್ಮ ಮನೆಯ ಕಾನೂನಾಯಿತು. ಊಟಕ್ಕೆ ಕುಳಿತಾಗ ಒಬ್ಬರು ಹೊರಗೆ. ದಿನದ ಊಟಕ್ಕೂ ಬಂತು ಆ ಪದ್ಧತಿ, ಆದರೆ ಪಿಜ್ಜಾ ದಿನ ಅದರ ಮಜವೇ ಬೇರೆ. ಬಿಸಿ ಪಿಜ್ಜಾ ಇಳಿದ ಕೂಡಲೇ "ಪಾಳಿ!" ಎಂದು ಒಳಗಿನವರು ಕೂಗಬೇಕು, ಹೊರಗಿನವರು ಒಳಗೆ ಹಾರಬೇಕು, ತಿಂದವರು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಓಡಬೇಕು. ಚೀಸು ಸಿಗದ ದಿನ ಖಾರದ ಮೇಲೆ ಪನೀರು, ಪನೀರಿಲ್ಲದ ದಿನ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ. ಅದಕ್ಕೂ ಹೆಸರು ಪಿಜ್ಜಾ. ಅತಿಥಿಗಳಿಗೂ ವಿನಾಯಿತಿ ಇರಲಿಲ್ಲ. ಜ್ಯೋತಿಯನ್ನು ನೋಡಲು ಬಂದ ಹುಡುಗನನ್ನು ಅತ್ತೆ ಮೊದಲು ಕಟ್ಟೆಯ ಮೇಲೆ ಕೂರಿಸಿ, "ಎಲ್ಲಾರೂ ಉಣ್ಣೂತನಾ ಎದ್ದು ಹೋಗಬ್ಯಾಡ ತಮ್ಮಾ," ಎಂದು ಹೇಳಿದ್ದರು. ಪಾಪ, ಸೂಟು ಹಾಕಿಕೊಂಡು ಬಂದವನು, ಯಾಕೆ ಏನು ಕೇಳದೆ ಅಷ್ಟು ಹೊತ್ತೂ ಅಲ್ಲೇ ಕುಳಿತ. ಅತ್ತೆ ಅಲ್ಲಿಯೇ ಒಪ್ಪಿಗೆ ಕೊಟ್ಟುಬಿಟ್ಟರು. ಅವನೇ ಈಗ ನನ್ನ ಅಳಿಯ. ಇವತ್ತಿಗೂ ನಮ್ಮಲ್ಲಿ ಬಂದರೆ ತಾಟು ತೆಗೆದುಕೊಂಡು ಸೀದಾ ಕಟ್ಟೆಗೇ ಹೋಗುತ್ತಾನೆ.

ಅತ್ತೆ ರಾತ್ರಿ ಮಲಗುವುದು ಮಾತ್ರ ಕಡೆಯವರೆಗೂ ಶೆಡ್ಡಿನಲ್ಲೇ. ನಾನು ಆ ಬಗ್ಗೆ ಮತ್ತೆ ವಾದ ಮಾಡಲಿಲ್ಲ. ಒಂದು ಒಳ್ಳೆಯ ಗಾದಿ ಹೊಲಿಸಿ ಕೊಟ್ಟೆ. ಅದನ್ನು ಮೂರು ದಿನ ಮೂಸಿ ನೋಡಿ, ನಾಲ್ಕನೆಯ ದಿನ ಕುರಿಗೆ ಹಾಸಿದರು.

ಆರ್ಯಾ ಇದನ್ನೆಲ್ಲ ಕೇಳುತ್ತ ಟಾರ್ಟಿಯಾದ ಪ್ಯಾಕೆಟ್ ಹರಿದಳು. ತವೆಯ ಮೇಲಿಟ್ಟಳು, ಅವಳ ಬಾಟಲಿ ಸಾಸ್ ಹಚ್ಚಿದಳು. ನಾನು ಸುಮ್ಮನೆ ಖಾರದ ಡಬ್ಬಿ ಮುಂದಕ್ಕೆ ಸರಿಸಿದೆ. ತಿಂದು ನೋಡಿ, "ನಾಟ್ ಬ್ಯಾಡ್ ಅಜ್ಜಿ," ಎಂದಳು. ಖಾರ ಕಮ್ಮಿ ಅದ ಎನ್ನುವುದನ್ನು ಅವಳಿಗಿನ್ನೂ ಕಲಿಸಬೇಕು. ಬಿದ್ದ ತಂಬಿಗೆಯನ್ನು ನಾನೇ ಎತ್ತಿ ಒರೆಸಿದೆ. ಹೊಟ್ಟೆಯ ಒಂದು ಬದಿ ತಗ್ಗಾಗಿದೆ. ಹಳೆಯ ತಗ್ಗುಗಳ ನಡುವೆ ಹೊಸದು ಯಾವುದೆಂದು ಗುರುತಿಸಲಾಗಲಿಲ್ಲ.

ಮಾಳವ್ವನನ್ನು ನಾನು ಕೊನೆಯ ಸಲ ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ. ಉದಗೀರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಹುಡುಗಿಯ ನಿಶ್ಚಿತಾರ್ಥವಿತ್ತು, ನಾನು ನಾಲ್ಕು ದಿನ ಮುಂಚೆ ಹೊರಟಿದ್ದೆ; ತಿರುಗಿ ಬರುವಷ್ಟರಲ್ಲಿ ಅವರು ಶೆಡ್ಡಿನಲ್ಲಿ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದರು. ಬಸ್ಸಿಗೆ ಹೊತ್ತಾಗಿತ್ತು. ಅಡುಗೆಮನೆಯಲ್ಲಿ ನಾಷ್ಟಾಕ್ಕೆ ಪಿಜ್ಜಾ ನಡೆದಿತ್ತು. ಬೀರೇಶ ಲಟ್ಟಿಸುತ್ತಿದ್ದ, ಬಸುರಿ ಜ್ಯೋತಿ ತವರಿಗೆ ಬಂದವಳು ತವೆಯ ಮುಂದೆ ಕುರ್ಚಿ ಹಾಕಿಕೊಂಡಿದ್ದಳು, ನಮ್ಮವರು ಮತ್ತು ಅತ್ತೆ ನೆಲದ ಮೇಲೆ. ಬ್ಯಾಗು ಹಿಡಿದು ಬಾಗಿಲಿಗೆ ಬಂದ ನನಗೆ ತಟ್ಟನೆ ಹೊಳೆಯಿತು, ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

"ಅತ್ತಿ, ಎಲ್ಲಾರೂ ಒಳಗೇ ಇದ್ದೀರಿ. ಹೊರಗ ಯಾರೂ ಇಲ್ಲ."

"ಯಾಕಿಲ್ಲ? ನೀ ಹೊಂಟೀದಿಯಲ್ಲ ಉದಗೀರಕ್ಕ. ಇವತ್ತು ನಿನ್ನ ಪಾಳಿ, ಮ್ಯಾಡಮ್ಮ. ಒಬ್ಬಾಕಿ ಹೊರಗಿದ್ರ ಸಾಕು."

ಹಾಗೆನ್ನುತ್ತ ಎದ್ದು ಮೂಲೆಗೆ ಹೋದರು. ತಾಟಿನ ಮೇಲಿನ ತಂಬಿಗೆಯನ್ನು ತೆಗೆದು, ತೊಳೆದು, ಕೊಡದಿಂದ ನೀರು ತುಂಬಿ ನನ್ನ ಕೈಗೆ ಕೊಟ್ಟರು. "ಬಸ್ಸಿನ್ಯಾಗ ನೀರಡಸ್ತದ. ತಿರುಗಿ ತಗೊಂಡ ಬಾ." ಇಷ್ಟು ವರ್ಷ ಬೋರಲು ಬಿದ್ದಿದ್ದ ಆ ತಾಟನ್ನು ಮಗುಚಿ ಅಂಗಾತ ಮಾಡಿ, ಸೆರಗಿನಿಂದ ಒರೆಸಿ, ಜ್ಯೋತಿಯ ಮುಂದೆ ಹಿಡಿದರು. ಗೇಟಿನ ಹತ್ತಿರ ತಿರುಗಿ ನೋಡಿದಾಗ ಕಿಟಕಿಯ ಸರಳಿನಾಚೆ, ಸ್ಲ್ಯಾಬಿನ ಕೆಳಗೆ, ಗಲ್ಲ ಉಬ್ಬಿಸಿ ಪಿಜ್ಜಾ ಊದುತ್ತ ಕುಳಿತಿದ್ದರು.

ರಸ್ತೆ ಬಹಳ ಕೆಟ್ಟಿತ್ತು. ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು, ನೀರು ತುಳುಕದ 
ಹಾಗೆ ಉದಗೀರಿನವರೆಗೆ ನನ್ನ ಪಾಳಿ ಕಾದೆ.